ಏಲ್ ಶದ್ದೈ: ‘ಸರ್ವಶಕ್ತ’ ಎಂಬ ಪದದ ಹಿಂದಿರುವ ಹೆಸರು

ಕೇಳುಗರಿಗೆ ನಮಸ್ಕಾರ.

ಕನ್ನಡ ಬೈಬಲಿನ ಆದಿಕಾಂಡದ 17ನೆಯ ಅಧ್ಯಾಯದಲ್ಲಿ, 99 ವರ್ಷ ವಯಸ್ಸಿನ ಅಬ್ರಾಮನಿಗೆ (ಮುಂದೆ ಅಬ್ರಹಾಮನೆನಿಸಿದವನಿಗೆ) ದರ್ಶನ ಕೊಟ್ಟ ದೇವರು, ತಾನು ‘ಸರ್ವಶಕ್ತನಾದ ದೇವರು’ ಎಂದು ಹೇಳಿಕೊಳ್ಳುತ್ತಾನೆ. ಹೀಬ್ರೂ ಮೂಲದಲ್ಲಿ ಆ ಜಾಗದಲ್ಲಿರುವ ಹೆಸರು ‘ಏಲ್ ಶದ್ದೈ’. ‘ಏಲ್’ ಎಂದರೆ ದೇವರು; ಅದರ ಬಗ್ಗೆ ತಕರಾರಿಲ್ಲ. ‘ಶದ್ದೈ’ ಎಂದರೆ ಏನು ಎಂಬುದರಲ್ಲಿ ಮಾತ್ರ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಹೀಬ್ರೂ ಬೈಬಲಿನಲ್ಲಿ ಈ ಪದ 48 ಬಾರಿ ಬರುತ್ತದೆ. ಅವುಗಳಲ್ಲಿ 31 ಬಾರಿ ಯೋಬನ ಗ್ರಂಥವೊಂದರಲ್ಲೇ. ಇದು ಬಹಳ ಹಳೆಯ ಹೆಸರೆಂಬ ನೆನಪು ಗ್ರಂಥದೊಳಗೇ ಉಳಿದಿದೆ: ಅಬ್ರಹಾಮ, ಇಸಾಕ, ಯಾಕೋಬರಿಗೆ ತಾನು ಏಲ್ ಶದ್ದೈಯಾಗಿ ಕಾಣಿಸಿಕೊಂಡೆನೆಂದು ದೇವರು ವಿಮೋಚನಕಾಂಡದಲ್ಲಿ ಮೋಶೆಗೆ ತಿಳಿಸುತ್ತಾನೆ.

‘ಸರ್ವಶಕ್ತ’ ಎಂಬ ಅರ್ಥದ ಬೇರು ಹೀಬ್ರೂವಿನಲ್ಲಿಲ್ಲ. ಯೋಬನ ಗ್ರಂಥವನ್ನು ಗ್ರೀಕಿಗೆ ತಂದವರು ಹಲವೆಡೆ ‘ಪಾಂಟೊಕ್ರಾಟೋರ್’, ಅಂದರೆ ಎಲ್ಲವನ್ನೂ ಆಳುವವನು, ಎಂಬ ಪದವನ್ನು ಬಳಸಿದರು. ಲ್ಯಾಟಿನ್ ಅನುವಾದದಲ್ಲಿ ಅದು ‘ಒಮ್ನಿಪೊಟೆನ್ಸ್’ ಆಯಿತು. ಆ ದಾರಿಯಲ್ಲೇ ಯುರೋಪಿನ ಭಾಷೆಗಳೂ ನಮ್ಮ ಕನ್ನಡವೂ ನಡೆದವು. ಅನುವಾದ ತಪ್ಪೆಂದು ನಾನು ಹೇಳಲಾರೆ. ಆದರೆ ಒಂದು ಹೆಸರು ಇದ್ದ ಕಡೆ ಒಂದು ವಿಶೇಷಣ ಬಂದು ಕುಳಿತಿತು.

ಬೇರನ್ನು ಹುಡುಕಿ ಹೋದವರಲ್ಲಿ ಅನೇಕರು ಪ್ರಾಚೀನ ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯ ‘ಶದೂ’ ಎಂಬ ಪದದ ಬಳಿ ನಿಲ್ಲುತ್ತಾರೆ. ಅದರ ಅರ್ಥ ಬೆಟ್ಟ. ಅರಣ್ಯಕಾಂಡದಲ್ಲಿ ‘ಚೂರೀಷದ್ದೈ’ ಎಂಬ ಒಬ್ಬನ ಹೆಸರಿದೆ. ‘ಶದ್ದೈ ನನ್ನ ಬಂಡೆ’ ಎಂದು ಅದನ್ನು ಬಿಡಿಸಬಹುದಾದ್ದರಿಂದ, ಬೆಟ್ಟದ ದೇವರೆಂಬ ಅರ್ಥ ಅಲ್ಲಿ ಸಹಜವಾಗಿ ಹೊಂದುತ್ತದೆ. ಪ್ರವಾದಿಗಳಾದ ಯೆಶಾಯ, ಯೋವೇಲರಿಗೆ ಈ ಹೆಸರಿನಲ್ಲಿ ‘ಶೋದ್’, ಅಂದರೆ ವಿನಾಶ, ಎಂಬ ಸದ್ದು ಕೇಳಿಸಿತು. ‘ಶದ್ದೈಯಿಂದ ಶೋದ್ ಬಂದ ಹಾಗೆ’ ಎಂದು ಇಬ್ಬರೂ ಒಂದೇ ಮಾತಿನಲ್ಲಿ ಎಚ್ಚರಿಸುತ್ತಾರೆ. 1967ರಲ್ಲಿ ಜೋರ್ಡಾನಿನ ದೇರ್ ಅಲ್ಲಾ ಎಂಬಲ್ಲಿ, ಗೋಡೆಯ ಗಾರೆಯ ಮೇಲೆ ಮಸಿಯಲ್ಲಿ ಬರೆದ, ಕ್ರಿಸ್ತಪೂರ್ವ 800ರ ಆಸುಪಾಸಿನ ಬರಹವೊಂದು ದೊರೆಯಿತು. ಬೆಯೋರನ ಮಗನಾದ ಬಿಳಾಮನೆಂಬ ದರ್ಶಕನ ಕನಸನ್ನು ಹೇಳುವ ಆ ಬರಹದಲ್ಲಿ ‘ಶದ್ದಯಿನ್’ ಎಂಬ ದೇವತೆಗಳು ಸಭೆ ಸೇರುತ್ತಾರೆ. ಅರಣ್ಯಕಾಂಡದಲ್ಲಿ ಶದ್ದೈಯ ದರ್ಶನವನ್ನು ಕಂಡವನೂ ಇದೇ ಬಿಳಾಮನೇ.

ಇನ್ನೆರಡು ವಿವರಣೆಗಳು ನನಗೆ ಹೆಚ್ಚು ಹತ್ತಿರವಾದವು. ಯಾಕೋಬನು ಮಗ ಯೋಸೇಫನನ್ನು ಹರಸುವಾಗ ಶದ್ದೈಯ ಹೆಸರೆತ್ತಿ, ಅದೇ ಉಸಿರಿನಲ್ಲಿ ‘ಶಾದಯಿಮ್’, ಅಂದರೆ ಸ್ತನಗಳ, ಮತ್ತು ಗರ್ಭದ ಆಶೀರ್ವಾದವನ್ನು ಕೋರುತ್ತಾನೆ. ಭಾಷಾಶಾಸ್ತ್ರದ ಪ್ರಕಾರ ಎರಡು ಪದಗಳಿಗೆ ನಂಟಿರಲಿ ಬಿಡಲಿ, ಕವಿಯ ಕಿವಿ ಅವೆರಡನ್ನು ಕೂಡಿಸಿದ್ದಂತೂ ನಿಜ. ಎರಡನೆಯದು ಯೆಹೂದಿ ಧರ್ಮಗುರುಗಳಾದ ರಬ್ಬಿಗಳದು: ‘ಶೆ’ ಎಂದರೆ ‘ಯಾವನೋ ಅವನು’, ‘ದೈ’ ಎಂದರೆ ‘ಸಾಕು’. ಸೃಷ್ಟಿಯ ಹೊತ್ತಿನಲ್ಲಿ ಹಿಗ್ಗುತ್ತಲೇ ಹೋಗುತ್ತಿದ್ದ ಲೋಕಕ್ಕೆ ‘ಸಾಕು’ ಎಂದವನೇ ಶದ್ದೈ ಎಂದು ಅವರ ಗ್ರಂಥವಾದ ತಾಲ್ಮೂದ್ ವಿವರಿಸುತ್ತದೆ. ಇದು ವ್ಯಾಕರಣಕ್ಕಿಂತ ಧ್ಯಾನದಿಂದ ಹುಟ್ಟಿದ ಅರ್ಥವಿರಬಹುದು. ಆದರೂ ಕನ್ನಡಿಗರಾದ ನಮಗೆ ಇಲ್ಲೊಂದು ಅನುಕೂಲವಿದೆ: ನಮ್ಮ ‘ಸಾಕು’ ಎಂಬ ಮಾತು ಇನ್ನು ಬೇಡವೆಂದು ಕೈಯನ್ನೂ ತಡೆಯುತ್ತದೆ, ಮಗುವನ್ನು ಸಾಕಿ ಸಲಹುತ್ತದೆ ಕೂಡ. ಹೀಬ್ರೂವಿನ ಹಾಲೂಡುವ ಎದೆಯೂ ‘ದೈ’ ಎಂಬ ಎಲ್ಲೆಯೂ ಕನ್ನಡದ ಒಂದು ಪದದಲ್ಲಿ ಜೊತೆಯಾಗಿ ಕೇಳಿಸುವುದು ಕೇವಲ ಆಕಸ್ಮಿಕ; ನಾನು ಅದರಿಂದ ಯಾವ ವಾದವನ್ನೂ ಕಟ್ಟುತ್ತಿಲ್ಲ.

ನಿಘಂಟಿಗಿಂತ ಮುಖ್ಯವಾಗಿ ನಾವು ಗಮನಿಸಬೇಕಾದುದು, ಈ ಹೆಸರು ಯಾರ ಬಾಯಿಂದ, ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದನ್ನು. ಅಬ್ರಾಮನಿಗೆ ಇದು ಕೇಳಿಬಂದಾಗ ಅವನ ಹೆಂಡತಿ ಸಾರಯಳಿಗೆ ಮಕ್ಕಳಿರಲಿಲ್ಲ, ಹೆರುವ ವಯಸ್ಸೂ ಮೀರಿತ್ತು. ಬರಗಾಲದಲ್ಲಿ ಧಾನ್ಯಕ್ಕಾಗಿ ಕಿರಿಯ ಮಗ ಬೆನ್ಯಾಮೀನನನ್ನೂ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಕಳುಹಿಸಲೇಬೇಕಾದಾಗ, ಮುದುಕನಾದ ಯಾಕೋಬನು, ಏಲ್ ಶದ್ದೈ ನಿಮಗೆ ಕರುಣೆ ದೊರಕಿಸಲಿ ಎಂದು ಹರಸಿ, ಮಕ್ಕಳನ್ನು ಕಳೆದುಕೊಳ್ಳಬೇಕಾದರೆ ಕಳೆದುಕೊಂಡೇನು ಎನ್ನುತ್ತಾನೆ. ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡ ಯೋಬನು ಬೂದಿಯಲ್ಲಿ ಕುಳಿತು, ಶದ್ದೈಯ ಬಾಣಗಳು ತನ್ನಲ್ಲಿ ನಾಟಿವೆಯೆಂದು ದೂರುತ್ತಾನೆ. ಶಕ್ತಿಯ ಹೆಸರನ್ನು ಶಕ್ತಿ ಉಡುಗಿದವರೇ ಹೀಗೆ ಮತ್ತೆ ಮತ್ತೆ ಎತ್ತುತ್ತಾರೆ.

ಇವರೆಲ್ಲರಿಗಿಂತ ನೇರವಾಗಿ ಮಾತನಾಡುವವಳು ನೊವೊಮಿ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಮೋವಾಬಿನಲ್ಲಿ ಮಣ್ಣು ಮಾಡಿ, ಸೊಸೆ ರೂತಳೊಡನೆ ಬೇತ್ಲೆಹೇಮಿಗೆ ಮರಳಿದ ಅವಳು, ಊರಿನ ಹೆಂಗಸರಿಗೆ, ನನ್ನನ್ನು ರಮ್ಯಳೆಂಬ ಅರ್ಥದ ನೊವೊಮಿ ಎಂಬ ಹೆಸರಿನಿಂದ ಕರೆಯಬೇಡಿರಿ, ಕಹಿ ಎಂಬ ಅರ್ಥದ ‘ಮಾರಾ’ ಎನ್ನಿರಿ, ಶದ್ದೈ ನನ್ನ ಬಾಳನ್ನು ಬಹಳ ಕಹಿ ಮಾಡಿದ್ದಾನೆ, ತುಂಬಿ ಹೋದವಳು ಬರಿದಾಗಿ ಬಂದಿದ್ದೇನೆ ಎನ್ನುತ್ತಾಳೆ. ಪ್ರಾಚೀನ ಗ್ರೀಕ್ ಅನುವಾದಕರು ಇಲ್ಲಿ ‘ಪಾಂಟೊಕ್ರಾಟೋರ್’ ಎನ್ನದೆ ‘ಹಿಕಾನೊಸ್’, ಅಂದರೆ ‘ಸಾಕಾಗುವವನು’, ಎಂಬ ಪದವನ್ನು ಇಟ್ಟರು. ಸಾಕಾಗುವವನೆಂಬ ದೇವರ ಮುಂದೆ ತನಗೇನೂ ಉಳಿದಿಲ್ಲವೆಂದು ಒಬ್ಬ ವಿಧವೆ ದೂರು ಕೊಡುತ್ತಿದ್ದಾಳೆ. ಆ ದೂರನ್ನು ಗ್ರಂಥವು ತಿದ್ದುವುದಿಲ್ಲ, ಅವಳನ್ನು ಗದರಿಸುವುದೂ ಇಲ್ಲ. ಜವೆಗೋದಿಯ ಸುಗ್ಗಿ ಆಗ ತಾನೇ ಶುರುವಾಗಿತ್ತೆಂದು ಮಾತ್ರ ಹೇಳಿ ಮುಂದಕ್ಕೆ ಸಾಗುತ್ತದೆ. ಮುಂದಿನ ಅಧ್ಯಾಯದಲ್ಲಿ ರೂತಳು ಹೊಲದಲ್ಲಿ ಹಕ್ಕಲಾಯುತ್ತಾಳೆ, ಮಧ್ಯಾಹ್ನ ಕೊಟ್ಟ ಹುರಿದ ಕಾಳನ್ನು ಸಾಕೆನ್ನುವಷ್ಟು ತಿನ್ನುತ್ತಾಳೆ, ಮಿಕ್ಕದ್ದನ್ನು ಸಂಜೆ ಮನೆಗೆ ತಂದು ಅತ್ತೆಯ ಕೈಗಿಡುತ್ತಾಳೆ.