ಗೋಡೆ ಒಣಗಲಿ, ಆಮೇಲೆ ಸುಣ್ಣ

ಕೇಳುಗ ಬಂಧುಗಳೇ, ನಮಸ್ಕಾರ.

ಉತ್ತರೆ ಮಳೆ ಮುಗಿದು ಹಸ್ತ ನಡೆದಿದೆ. ಮಹಾನವಮಿ ಹತ್ತಿರ ಬಂತು. ಎಲ್ಲರ ಮನೆಯಲ್ಲೂ ಸುಣ್ಣ ಬಣ್ಣದ ಮಾತು, ಹೊಳೆಗೆ ಕೌದಿ ಒಗೆಯಲು ಹೋಗುವ ಗಡಿಬಿಡಿ. ಇಂಥ ಹೊತ್ತಿನಲ್ಲಿ ನಿಮ್ಮಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಸುಣ್ಣ ಕಲಸುವ ಮೊದಲು ಗೋಡೆಗೆ ಅಂಗೈ ಇಟ್ಟು ನೋಡಿ. ಕೈಗೆ ತಣ್ಣಗೆ ಹತ್ತಿದರೆ ಆ ಗೋಡೆ ಕುಡಿದ ನೀರು ಇನ್ನೂ ಒಳಗೇ ಇದೆ.

ನಮ್ಮದು ಬಿಸಿಲು ನಾಡು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅಷ್ಟಕ್ಕೇ ಚಳಿಗಾಲಕ್ಕೆ ಮುಂಚೆ ಮನೆ ಒಣಗಿಸುವ ತಯಾರಿ ಯಾಕೆ ಅನ್ನಬಹುದು. ಆದರೆ ಈ ಮಳೆ ಬರುವ ಹೊತ್ತು ನೋಡಿ. ಸೆಪ್ಟೆಂಬರಿನಲ್ಲೇ ಜಾಸ್ತಿ. ಅಕ್ಟೋಬರಿನಲ್ಲಿ ಚಿತ್ತೆ, ಸ್ವಾತಿ ಬೇರೆ ಬಾಕಿ. ಮನೆ ಪೂರ್ತಿ ನೆನೆದು ನಿಂತಾಗಲೇ ಬಿಸಿಲಿನ ಕಾವು ಇಳಿಯುತ್ತದೆ, ಚಳಿ ಬಂದು ಕೂರುತ್ತದೆ. ಒಣಗಲು ಸಿಗುವುದು ನಡುವಿನ ಕೆಲವೇ ವಾರ.

2009ರಲ್ಲಿ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಮೊದಲ ದಿನಗಳವರೆಗೂ ಬಿಡದೆ ಸುರಿದದ್ದು ನಿಮಗೂ ನೆನಪಿರಬೇಕು. ನಾವಾಗ ಸಿಂಧನೂರು ಕಡೆಯ ಹಳ್ಳಿಯಲ್ಲಿದ್ದೆವು. ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಮಳೆ ನಿಂತು ಬಿಸಿಲು ಬಿತ್ತು. ಸದ್ಯ, ಉಳಿದೆವು ಅಂದುಕೊಂಡೆವು. ಅವ್ವ ಮಾತ್ರ ಹಿಂದಿನ ಕೋಣೆಯ ಗೋಡೆಗೆ ಕೈ ಇಟ್ಟು, "ಇಲ್ಲಿ ಯಾರೂ ಮಲಗಬ್ಯಾಡ್ರಿ" ಅಂದಳು. ಮೂರನೇ ರಾತ್ರಿ ಆ ಗೋಡೆ ಕುಸಿಯಿತು. ಆಗ ಮಳೆ ಇರಲಿಲ್ಲ, ಗಾಳಿ ಇರಲಿಲ್ಲ. ನೆನೆದ ಮಣ್ಣಿಗೆ ಮಾಳಿಗೆ ಹೊರುವ ಬಲ ಉಳಿದಿರಲಿಲ್ಲ.

ಹಾಗಾಗಿ ಕೆಲಸ ಮಾಳಿಗೆಯಿಂದ ಶುರುವಾಗಲಿ. ಮಳೆಗೆ ಅಲ್ಲಿ ಹುಲ್ಲು ಎದ್ದಿರುತ್ತದೆ. ಮಣ್ಣು ಹಸಿ ಇರುವಾಗಲೇ ಬೇರುಸಹಿತ ಕಿತ್ತು, ಆ ಜಾಗ ಬಡಿದು ಗಟ್ಟಿ ಮಾಡಿ. ಹಾಗೇ ಬಿಟ್ಟರೆ ಬೇರು ಒಣಗಿ ತೂತಾಗುತ್ತದೆ, ಮುಂದಿನ ಮಳೆ ಅದೇ ದಾರಿ ಹಿಡಿದು ಜಂತಿಗೆ ಇಳಿಯುತ್ತದೆ. ನೀರು ಹೊರಗೆ ಬೀಳುವ ಕೊಳವೆಯಲ್ಲಿ ಕಸ ಕಟ್ಟಿದ್ದರೆ ತೆಗೆಯಿರಿ.

ಮೇಲೆ ಹಾಕಲು ಸವಳು ಮಣ್ಣೇ ಬೇಕು ಅಂತ ಹಿರಿಯರು ಹೇಳುವುದು ಸುಮ್ನೆ ಅಲ್ಲ. ಆ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದರೆ ಅದರ ನುಣ್ಣನೆಯ ಕಣಗಳು ಬಿಡಿಬಿಡಿಯಾಗಿ ಹರಡಿ, ಇದ್ದ ಸಂದುಗಳನ್ನೆಲ್ಲಾ ಮುಚ್ಚಿಬಿಡುತ್ತವೆ. ಆಮೇಲೆ ನೀರು ಕೆಳಗೆ ಇಳಿಯುವುದು ಕಷ್ಟ. ಹೊಲದಲ್ಲಿ ಇದೇ ಗುಣಕ್ಕೆ ಬೆಳೆಯ ಬೇರು ಉಸಿರುಗಟ್ಟುತ್ತದೆ. ತುಂಗಭದ್ರಾ ಕಾಲುವೆಯ ಕೆಳಗೆ ಹೊಲ ಸವಳಾಗಿ ಕಳೆದುಕೊಂಡವರಿಗೆ ಆ ನೋವು ಗೊತ್ತು. ಹೊಲ ಕೆಡಿಸಿದ ಆ ಮಣ್ಣೇ ತಲೆಯ ಮೇಲೆ ನಿಂತು ನಮ್ಮನ್ನು ಕಾಯುತ್ತದೆ. ಒಳ್ಳೆಯ ಎರೆ ಮಣ್ಣು ಹಾಕಿದರೆ ಒಣಗಿದಾಗ ಬಾಯಿ ಬಿಡುತ್ತದೆ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಸೋರಿತು ಅಂತ ವರ್ಷ ವರ್ಷ ಹಳೆಯದರ ಮೇಲೇ ಹೊಸ ಮಣ್ಣು ಸುರಿಯುತ್ತೇವೆ, ಅಲ್ವಾ? ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ ಒಂದೇ ಇಂಚು ಮಣ್ಣು ಹರಡಿದರೂ ಹತ್ತಿರ ಹತ್ತಿರ ನಾಲ್ಕು ಕ್ವಿಂಟಲ್ ಆಗುತ್ತದೆ. ಅಂದರೆ 75 ಕಿಲೋದ ಐದು ಚೀಲ ಭತ್ತ. ಹತ್ತು ವರ್ಷ ಹೀಗೇ ಹಾಕಿದರೆ ಐವತ್ತು ಚೀಲ. ಅಜ್ಜನ ಕಾಲದ ಜಂತಿ ಇದನ್ನು ಹೊರಬೇಕು. ಹಳೆಯ ಪದರ ಕೆರೆದು ಇಳಿಸಿ, ಆಮೇಲೆ ಹೊಸದು ಹಾಕಿ.

ಗೋಡೆಯ ಬುಡಕ್ಕೆ ಬನ್ನಿ. ಓಣಿಯ ಸಿಸಿ ರಸ್ತೆ ಎತ್ತರವಾಗಿ, ಎಷ್ಟೋ ಮನೆಗಳು ತಗ್ಗಿಗೆ ಬಿದ್ದಿವೆ. ಗೋಡೆ ಪಕ್ಕ ನಿಂತ ನೀರಿಗೆ ಒಂದು ಗುದ್ದಲಿ ಅಗಲದ ಕಾಲುವೆ ತೋಡಿ ದಾರಿ ಮಾಡಿ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಬೇಡಿ. ನೋಡಲು ಚೆನ್ನ, ಗಟ್ಟಿ ಅನ್ನಿಸುತ್ತದೆ. ಆದರೆ ಒಳಗೆ ಹೋದ ತೇವ ಹೊರಗೆ ಬರಲು ಆಗುವುದಿಲ್ಲ. ಅದು ಮೇಲೆ ಮೇಲೆ ಏರುತ್ತದೆ, ಗೋಡೆ ಒಳಗೊಳಗೇ ಪುಡಿಯಾಗುತ್ತದೆ. ಮಣ್ಣಿನ ಗಿಲಾವು, ಮೇಲೆ ಸುಣ್ಣ ಸಾಕು. ಅವು ತೇವವನ್ನು ಹೊರಗೆ ಬಿಡುತ್ತವೆ. ಅದೂ ಗೋಡೆ ಒಣಗಿದ ಮೇಲೆ. ಹಬ್ಬಕ್ಕೆ ಆಗದಿದ್ದರೆ ದೀಪಾವಳಿಗೆ ಹಚ್ಚಿ, ಯಾರೂ ಬೈಯುವುದಿಲ್ಲ.

ತಗಡಿನ ಮನೆಯವರು ಮೊಳೆಯ ಕೆಳಗಿನ ವಾಷರ್ ನೋಡಿದರೆ ಸಾಕು. ಬಿರಿದಿದ್ದರೆ ಬದಲಿಸಿ.

ಚಳಿ ಅಂತ ಗವಾಕ್ಷಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿಬಿಡುತ್ತಾರೆ. ರಾತ್ರಿ ಮುಚ್ಚಿದರೂ ಹಗಲು ತೆರೆಯಿರಿ. ಒಲೆಯ ಹಬೆ ಹೋಗಬೇಕು, ಬಿಸಿಲು ಒಳಗೆ ಬೀಳಬೇಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಾತ್ರ ಮಲಗಲೇಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೂಸು, ಬಾಣಂತಿ ಇರುವ ಮನೆಯವರು ಇದನ್ನು ಮರೆಯಬಾರದು.

ಕೊನೆಗೆ ಕೌದಿ. ಅದಕ್ಕೆ ಒಂದು ಬಿಸಿಲು ಸಾಲದು, ಎರಡು ದಿನ ಹರವಿ, ನಡುವೆ ಮಗುಚಿ ಹಾಕಿ. ಮೇಲಿನ ಬಟ್ಟೆ ಒಣಗಿದ್ದರೂ ಒಳಗೆ ಹಾಕಿದ ಹಳೆ ಸೀರೆಯ ಪದರ ಹಸಿ ಇರುತ್ತದೆ. ಮಡಚಿ ಇಡುವ ಮುಂಚೆ ಹೊಲಿಗೆಯ ನಡುವೆ ಅಂಗೈ ಒತ್ತಿ ನೋಡಿ.

ನಮಸ್ಕಾರ.