ಮೊದಲ ಸಹಿ, ಎರಡನೆಯ ಸಹಿ

ಕೇಳುಗರಿಗೆ ನಮಸ್ಕಾರ. ಸಲಿಂಗ ವಿವಾಹದ ಬಗ್ಗೆ ಇಂದು ನಾಲ್ಕು ಮಾತು.

ಗದಗಿನಿಂದ ಗೋವಾದ ವಾಸ್ಕೋಗೆ ಬಂದ ಹೊಸತರಲ್ಲಿ ನೆರೆಮನೆಯ ಮದುವೆಯೊಂದು ನನ್ನನ್ನು ಗೊಂದಲಕ್ಕೆ ಕೆಡವಿತ್ತು. ಹುಡುಗ, ಹುಡುಗಿ ಸಿವಿಲ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿದರು. ಸಂಜೆ ತಮ್ಮ ತಮ್ಮ ಮನೆ ಸೇರಿದರು. ಅದು ಮೊದಲ ಸಹಿಯಂತೆ. ಯಾರದಾದರೂ ಆಕ್ಷೇಪಣೆ ಇದ್ದರೆ ಬರಲಿ ಎಂದು ಕೆಲವು ದಿನ ಬಿಟ್ಟು ಎರಡನೆಯ ಸಹಿ. ಅದು ಬಿದ್ದರೆ ಕಾನೂನಿನ ಮಟ್ಟಿಗೆ ಗಂಡ ಹೆಂಡತಿ. ಬಾಸಿಂಗ, ಅಕ್ಷತೆ, ಊಟದ ಪಂಕ್ತಿ ಎಲ್ಲ ಬೇರೆ ಲೆಕ್ಕ. ಇಗರ್ಜಿಯಲ್ಲಿ ಮದುವೆಯಾಗುವವರೂ ರಿಜಿಸ್ಟ್ರಾರರ ಕಾಗದ ಹಿಡಿದೇ ಪಾದ್ರಿಯ ಮುಂದೆ ನಿಲ್ಲಬೇಕು.

ಸಲಿಂಗ ವಿವಾಹದ ಮಾತು ಬಂದಾಗಲೆಲ್ಲ ಧರ್ಮ ಇದನ್ನು ಒಪ್ಪುತ್ತದೆಯೇ ಎಂದು ಕೇಳುವವರಿಗೆ ನಾನು ಈ ಎರಡು ಸಹಿಗಳ ಕಥೆ ಹೇಳುತ್ತೇನೆ. ಮದುವೆಗೆ ಮಾನ್ಯತೆ ಕೋರಿ ಸುಪ್ರೀಂ ಕೋರ್ಟಿಗೆ ಹೋದ ಸಲಿಂಗ ಜೋಡಿಗಳು ಪುರೋಹಿತರನ್ನು ಕೊಡಿಸಿ ಎಂದು ಕೇಳಿರಲಿಲ್ಲ. ಧರ್ಮದ ವಿಧಿಯ ಹಂಗಿಲ್ಲದೆ ಮದುವೆ ನೋಂದಾಯಿಸುವ 1954ರ ವಿಶೇಷ ವಿವಾಹ ಕಾಯಿದೆಯಡಿ ನೋಂದಣಿ ಪುಸ್ತಕದಲ್ಲಿ ಒಂದು ಸಾಲು ಕೇಳಿದ್ದರು. ಧರ್ಮಗಳ ವೈಯಕ್ತಿಕ ಕಾನೂನುಗಳ ಗೊಡವೆಗೆ ಹೋಗುವುದಿಲ್ಲ ಎಂದು ಪೀಠವೂ ಆರಂಭದಲ್ಲೇ ಹೇಳಿತ್ತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಐವರೂ ನ್ಯಾಯಮೂರ್ತಿಗಳು ಮದುವೆ ಮೂಲಭೂತ ಹಕ್ಕಲ್ಲ ಎಂದರು, ಕಾನೂನು ಮಾಡುವ ಕೆಲಸವನ್ನು ಸಂಸತ್ತಿಗೆ ಬಿಟ್ಟರು. ಮದುವೆ ಎನ್ನದೆ ಬೇರೊಂದು ಹೆಸರಿನಲ್ಲಿ ಸಂಬಂಧಕ್ಕೆ ಮಾನ್ಯತೆ ಕೊಡುವ ಮಾತೂ ಮೂವರ ಎದುರು ಇಬ್ಬರಾಗಿ ಬಿದ್ದುಹೋಯಿತು.

ಇದೆಲ್ಲ ನಗರದ ಉಳ್ಳವರ ಗೀಳು ಎಂಬ ಧಾಟಿಯಲ್ಲಿ ಕೇಂದ್ರ ಸರ್ಕಾರ ವಾದಿಸಿತ್ತು. ಸವದತ್ತಿಯ ಎಲ್ಲಮ್ಮನ ಜಾತ್ರೆಯಲ್ಲಿ, ಗಂಡಾಗಿ ಹುಟ್ಟಿ ದೇವಿಗಾಗಿ ಸೀರೆಯುಟ್ಟ ಜೋಗಪ್ಪಂದಿರ ಕಾಲಿಗೆ ಬಿದ್ದು ಬಂದ ನಮ್ಮವರು ಈ ಮಾತಿಗೆ ತಲೆದೂಗಿದ್ದನ್ನು ಕಂಡು ನನಗೆ ನಗು ಬಂತು. ಜೋಗಪ್ಪಂದಿರ ಪ್ರಶ್ನೆಯೇ ಬೇರೆ, ನಿಜ. ಆದರೆ ಗಂಡು ಹೆಣ್ಣೆಂಬ ಗೆರೆ ಹಳ್ಳಿಯಲ್ಲಿ ಎಂದೂ ಅಲುಗಿಲ್ಲ ಎಂದು ಅವರು ಹೇಗೆ ಹೇಳುತ್ತಾರೆ?

ಗೋವಾದಲ್ಲಿ ಇನ್ನೊಂದು ತಮಾಷೆಯಿದೆ. ಇಲ್ಲಿನ ಕೌಟುಂಬಿಕ ಕಾನೂನಿನ ಬೇರು 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ. ಅದು ಮದುವೆಯನ್ನು ಸಂಸ್ಕಾರ ಎನ್ನುವುದಿಲ್ಲ, ಕರಾರು ಎನ್ನುತ್ತದೆ. ಆದರೆ ಭಿನ್ನ ಲಿಂಗದ ಇಬ್ಬರ ಕರಾರು. 1961ರಲ್ಲಿ ಪೋರ್ಚುಗೀಸರು ಹೋದರು, ಸಂಹಿತೆ ಉಳಿಯಿತು. ಅತ್ತ ಪೋರ್ಚುಗಲ್ 2010ರಲ್ಲಿ ಸಲಿಂಗ ವಿವಾಹಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಅಂಗಿ ಹೊಲಿದವನು ಅಳತೆ ಬದಲಿಸಿಕೊಂಡ. ಅವನು ಬಿಟ್ಟುಹೋದದ್ದನ್ನು ನಾವು ಇಸ್ತ್ರಿ ಮಾಡಿ ತೊಡುತ್ತಿದ್ದೇವೆ.

ಮಠ, ಮಸೀದಿ, ಇಗರ್ಜಿ ಒಪ್ಪದಿದ್ದರೆ ಅದು ಅವರ ಹಕ್ಕು. ರೋಮಿನ ಕ್ಯಾಥೊಲಿಕ್ ಧರ್ಮಪೀಠ ಕೂಡ 2023ರ ಡಿಸೆಂಬರಿನಲ್ಲಿ, ಸಲಿಂಗ ಜೋಡಿಗಳನ್ನು ಪಾದ್ರಿ ಹರಸಬಹುದು, ಆದರೆ ಅದು ಮದುವೆಯಲ್ಲ ಎಂದಿತು. ನಾನು ಕೇಳುವುದು ರಿಜಿಸ್ಟ್ರಾರರ ಪುಸ್ತಕವನ್ನು. ಅದು ಯಾವ ಗುಡಿಯ ಸ್ವತ್ತೂ ಅಲ್ಲ.

ಗೋವಾದಲ್ಲಿ ದಂಪತಿ ಬೇರೆ ಒಪ್ಪಂದ ಬರೆಸದಿದ್ದರೆ ಆಸ್ತಿ ಇಬ್ಬರಿಗೂ ಸಮಪಾಲು. ನನಗೆ ಪರಿಚಯದ ಇಬ್ಬರು ಹೆಂಗಸರಿದ್ದಾರೆ. ಒಬ್ಬರು ಹುಬ್ಬಳ್ಳಿಯವರು, ಇನ್ನೊಬ್ಬರು ಇಲ್ಲಿಯವರೇ. ಇಪ್ಪತ್ತು ವರ್ಷದಿಂದ ಒಂದೇ ಒಲೆ. 2024ರಲ್ಲಿ ಕೇಂದ್ರ ಕೊಟ್ಟ ಸೂಚನೆಗಳಂತೆ ಅವರು ಒಂದೇ ಪಡಿತರ ಚೀಟಿ ಮಾಡಿಸಬಹುದು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು. ಹತ್ತಿರದ ಬಂಧುಗಳು ಸಿಗದಿದ್ದರೆ ಒಬ್ಬರ ಶವವನ್ನು ಇನ್ನೊಬ್ಬರು ಕೇಳಿ ಪಡೆಯಲೂಬಹುದು. ಹುಬ್ಬಳ್ಳಿಯ ಅಕ್ಕನ ಸಂಬಳವೂ ಸೇರಿ ಕಟ್ಟಿದ ಮನೆಯ ಕಾಗದದಲ್ಲಿ ಮಾತ್ರ ಇಂದಿಗೂ ಒಬ್ಬರದೇ ಹೆಸರಿದೆ.