ಒಂಬತ್ತು ಕೇಸ್ ಬರೆದ, ಆರಕ್ಕೆ ಎರಡು ಮಾರ್ಕ್ಸ್ ಬಂತು: ಸ್ಟೇಟ್‌ಬ್ಯಾಂಕಿನಿಂದ ಮಣಿಪಾಲದವರೆಗೆ ಒಂದು ಬಸ್ ಪಾಠ

ಹಾಯ್ ಎಲ್ಲರಿಗೂ. ಈಗ ಕಾಣುತ್ತಿರುವುದು ಮಂಗಳೂರಿನ ಸ್ಟೇಟ್‌ಬ್ಯಾಂಕ್. ಬ್ಯಾಂಕ್ ಅಲ್ಲ, ಬಸ್‌ಸ್ಟ್ಯಾಂಡ್. ಊರಿನವರಿಗೆ ಗೊತ್ತು, ಹೊರಗಿನವರಿಗೆ ಪ್ರತಿ ಸಲ ಹೇಳಬೇಕು. ಕಂಡಕ್ಟರ್ "ಉಡುಪಿ ಮಣಿಪಾಲ, ಉಡುಪಿ ಮಣಿಪಾಲ" ಎಂದು ಒಂದೇ ಉಸಿರಿನಲ್ಲಿ ಕೂಗುತ್ತಿದ್ದಾರೆ. ಕಿಟಕಿ ಪಕ್ಕ ಮುಖ ಊದಿಸಿಕೊಂಡು ಕೂತಿರುವವನು ನನ್ನ ಚಿಕ್ಕಮ್ಮನ ಮಗ. ಹನ್ನೆರಡನೇ ಕ್ಲಾಸು, ಸಿಬಿಎಸ್‌ಇ, ಲೀಗಲ್ ಸ್ಟಡೀಸ್ ತೆಗೆದುಕೊಂಡಿದ್ದಾನೆ. ನಾನು ಲಾ ಕಾಲೇಜಿನಲ್ಲಿ ನಾಲ್ಕನೇ ವರ್ಷ. ಹಾಗಾಗಿ ಮನೆಯವರ ಲೆಕ್ಕದಲ್ಲಿ ನಾನು ಆಗಲೇ ವಕೀಲೆ, ಇವನಿಗೆ ಪಾಠ ಹೇಳುವುದು ನನ್ನ ತಲೆಗೆ ಕಟ್ಟಿದ ಕೆಲಸ. ರಜೆಗೆ ನಮ್ಮ ಮನೆಗೆ ಬಂದಿದ್ದ. ಈಗ ಮಣಿಪಾಲಕ್ಕೆ ವಾಪಸ್ ಬಿಟ್ಟು ಬರಲು ಹೊರಟಿದ್ದೇನೆ.

ಮುಖ ಊದಲು ಕಾರಣ ಈ ಉತ್ತರ ಪತ್ರಿಕೆ. ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ, ಹೆಸರು ಮುಚ್ಚಿದ್ದೇನೆ. ಪ್ರಶ್ನೆ ಆರು ಅಂಕದ್ದು, ಶಿಕ್ಷಣ ಹೇಗೆ ಮೂಲಭೂತ ಹಕ್ಕಾಯಿತು ಅಂತ. ಇವನು ಒಂದೂವರೆ ಪುಟ ಬರೆದಿದ್ದಾನೆ, ಅದರಲ್ಲಿ ಒಂಬತ್ತು ಕೇಸು. ಪ್ರತಿಯೊಂದಕ್ಕೂ ಸ್ಕೇಲ್ ಇಟ್ಟು ಕೆಳಗೆ ಗೆರೆ. ನೋಡಲು ಚಂದ ಉಂಟು. ಮಾರ್ಜಿನ್‌ನಲ್ಲಿ ಟೀಚರ್ ಕೆಂಪು ಶಾಯಿಯಲ್ಲಿ ಮೂರು ಕಡೆ ಒಂದೇ ಮಾತು ಬರೆದಿದ್ದಾರೆ: "ಅದಕ್ಕೇನೀಗ?" ಆರಕ್ಕೆ ಎರಡು.

"ಅಕ್ಕ, ಅವರಿಗೆ ನನ್ನ ಮೇಲೆ ಸಿಟ್ಟು" ಅಂತಾನೆ. ಸಿಟ್ಟೂ ಇಲ್ಲ, ಎಂತದ್ದೂ ಇಲ್ಲ. ಟೀಚರ್ ಕೇಳಿದ್ದು ಸರಿಯಾದ ಪ್ರಶ್ನೆಯೇ.

ಕೂಳೂರು ಸೇತುವೆ ದಾಟುವವರೆಗೆ ಟ್ರಾಫಿಕ್‌ನಲ್ಲೇ ಇರುತ್ತೇವೆ, ಅಷ್ಟರಲ್ಲಿ ಮುಖ್ಯ ವಿಷಯ ಹೇಳಿಬಿಡುತ್ತೇನೆ. ಪರೀಕ್ಷೆಯ ಉತ್ತರದಲ್ಲಿ ಕೇಸು ಅಂದರೆ ಒಬ್ಬ ಸಾಕ್ಷಿ. ಕೋರ್ಟಿನಲ್ಲಿ ಸಾಕ್ಷಿಯನ್ನು ಕರೆಸಿ, ಹೆಸರು ಕೇಳಿ, "ಆಯ್ತು ಹೋಗಿ" ಅಂತ ಕಳಿಸುತ್ತಾರಾ? ನೀನು ಏನು ನೋಡಿದೆ ಅಂತ ಕೇಳುತ್ತಾರೆ, ಅಲ್ವಾ. ಇವನು ಒಂಬತ್ತು ಜನರನ್ನು ಕರೆಸಿ ಎಲ್ಲರ ಹೆಸರು ಮಾತ್ರ ಬರೆದುಕೊಂಡು ಕಳಿಸಿದ್ದಾನೆ. ಇನ್ನೊಂದು ವಿಷಯ, ಸಾಕ್ಷಿ ತಾನು ಕಂಡದ್ದನ್ನಷ್ಟೇ ಹೇಳಬಹುದು. ಕಾಣದ್ದನ್ನು ಅವನ ಬಾಯಿಗೆ ತುರುಕಿದರೆ ಎದುರಿನ ವಕೀಲರು ಐದು ನಿಮಿಷದಲ್ಲಿ ಬಿಡಿಸಿ ಹಾಕುತ್ತಾರೆ.

ಉದಾಹರಣೆಗೆ ಬಿಜೋ ಇಮ್ಯಾನುಯೆಲ್ ಕೇಸು, 1986. ಕೇರಳದ ಮೂವರು ಶಾಲಾ ಮಕ್ಕಳು, ಅಣ್ಣ ಮತ್ತು ತಂಗಿಯರು, ರಾಷ್ಟ್ರಗೀತೆ ಹಾಡುತ್ತಿರಲಿಲ್ಲ. ಅವರ ಕ್ರೈಸ್ತ ಪಂಥದ ನಂಬಿಕೆ ಅದಕ್ಕೆ ಒಪ್ಪುತ್ತಿರಲಿಲ್ಲ. ಪಂಥದ ಹೆಸರು ಯೆಹೋವನ ಸಾಕ್ಷಿಗಳು, ನೋಡಿ, ಸಾಕ್ಷಿ ಇಲ್ಲೂ ಬಂತು. ಶಾಲೆಯಿಂದ ತೆಗೆದುಹಾಕಿದರು, ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು, ಮಕ್ಕಳು ಗೆದ್ದರು. ಇದನ್ನು ಬರೆಯುವ ಹತ್ತರಲ್ಲಿ ಎಂಟು ಮಂದಿ "ರಾಷ್ಟ್ರಗೀತೆಗೆ ಗೌರವ ಕೊಡುವುದು ಕಡ್ಡಾಯವಲ್ಲ ಎಂದು ಕೋರ್ಟ್ ಹೇಳಿತು" ಅಂತ ಬರೆಯುತ್ತಾರೆ. ಹತ್ತರಲ್ಲಿ ಎಂಟು ಅನ್ನುವುದು ನನ್ನ ಬಾಯಿಲೆಕ್ಕ, ನಂಬಬೇಡಿ. ಆದರೆ ಆ ಮಕ್ಕಳು ಬೇರೆಯವರು ಹಾಡುವಾಗ ಎದ್ದು ನಿಲ್ಲುತ್ತಿದ್ದರು. ಮರ್ಯಾದೆಯಿಂದ, ಪ್ರತಿ ದಿನ. ಹಾಡುತ್ತಿರಲಿಲ್ಲ, ಅಷ್ಟೇ. ಇಡೀ ತೀರ್ಪು ನಿಂತಿರುವುದೇ ಆ ನಿಂತುಕೊಳ್ಳುವುದರ ಮೇಲೆ. ಆ ಒಂದು ಸಂಗತಿ ಬಿಟ್ಟುಹೋದರೆ ನಿಮ್ಮ ಸಾಕ್ಷಿ ತಾನು ಹೇಳದ ಮಾತನ್ನು ಹೇಳಿದ ಹಾಗೆ ಆಗುತ್ತದೆ.

ಸುರತ್ಕಲ್ ಆಯ್ತು. ತಮ್ಮ ಈಗ ಬನ್ಸ್ ಪೊಟ್ಟಣ ಬಿಚ್ಚಿದ್ದಾನೆ, ಸ್ವಲ್ಪ ಸಮಾಧಾನ ಆದ ಹಾಗಿದೆ.

ಮುಲ್ಕಿ ದಾಟಿ ಪಡುಬಿದ್ರಿ ಬರುತ್ತಿದೆ. ಇಲ್ಲಿ ಬಲಕ್ಕೆ ತಿರುಗಿದರೆ ಕಾರ್ಕಳ ರಸ್ತೆ. ಈ ತಿರುವು ನೋಡಿದಾಗಲೆಲ್ಲ ನನಗೆ ಕೇಶವಾನಂದ ಭಾರತಿ ಕೇಸು ನೆನಪಾಗುತ್ತದೆ. ಯಾಕೆ ಅಂತ ಹೇಳುತ್ತೇನೆ. ಕೇಶವಾನಂದ ಭಾರತಿ ಅಂದರೆ ಕಾಸರಗೋಡು ಹತ್ತಿರದ ಎಡನೀರು ಮಠದ ಸ್ವಾಮೀಜಿ, ಮಂಗಳೂರಿನಿಂದ ತೆಂಕಕ್ಕೆ. ತೀರ್ಪು ಕೊಟ್ಟ ಹದಿಮೂರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಕೆ. ಎಸ್. ಹೆಗ್ಡೆ, ಈ ಕಾರ್ಕಳ ತಾಲೂಕಿನವರು, ಆಮೇಲೆ ಲೋಕಸಭೆಯ ಸ್ಪೀಕರ್ ಆದವರು, ನಿಟ್ಟೆಯ ವಿದ್ಯಾಸಂಸ್ಥೆ ಕಟ್ಟಿದವರು. ಅಂದರೆ ದೆಹಲಿಯಲ್ಲಿ ನಡೆದ ದೇಶದ ಅತಿ ದೊಡ್ಡ ಸಂವಿಧಾನದ ಕೇಸಿನಲ್ಲಿ ಅರ್ಜಿ ಹಾಕಿದವರೂ ಈ ಕರಾವಳಿಯವರೇ, ಪೀಠದಲ್ಲಿ ಕೂತ ಒಬ್ಬರೂ ಈ ಕರಾವಳಿಯವರೇ. ನಮ್ಮ ಮಕ್ಕಳು ಮಾತ್ರ ಅದನ್ನು ಗೈಡ್ ನೋಡಿ ಒಂದು ಸಾಲಿನಲ್ಲಿ ಬಾಯಿಪಾಠ ಮಾಡುತ್ತಾರೆ.

ತಮ್ಮನನ್ನು ಕೇಳಿದೆ, ಆ ಕೇಸಿನಲ್ಲಿ ಎಂತ ಆಯ್ತು ಹೇಳು ಅಂತ. "ಮೂಲ ರಚನೆ ಅಕ್ಕ. ಸ್ವಾಮೀಜಿ ಗೆದ್ರು." ಅರ್ಧ ಸರಿ. ಕೇರಳದ ಭೂ ಸುಧಾರಣೆ ಕಾನೂನಿನಿಂದ ಮಠದ ಜಾಗ ಹೋಗುತ್ತದೆ ಅಂತ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಪರವಾಗಿ ನಾನಿ ಪಾಲ್ಖಿವಾಲಾ ವಾದ ಮಾಡಿದರು. 68 ದಿನ ವಿಚಾರಣೆ. 1973ರ ಏಪ್ರಿಲ್ 24ಕ್ಕೆ ತೀರ್ಪು, ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ. ಸಂಸತ್ತು ಸಂವಿಧಾನ ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಮುರಿಯುವ ಹಾಗಿಲ್ಲ. ಇದು ಎಲ್ಲರಿಗೂ ಗೊತ್ತು. ಆದರೆ ಸಂವಿಧಾನದಲ್ಲಿ ಒಂಬತ್ತನೇ ಅನುಸೂಚಿ ಅಂತ ಒಂದು ಪಟ್ಟಿ ಉಂಟು, ಅದರಲ್ಲಿರುವ ಕಾನೂನುಗಳನ್ನು ಮೂಲಭೂತ ಹಕ್ಕಿನ ಹೆಸರಿನಲ್ಲಿ ಕೋರ್ಟು ರದ್ದು ಮಾಡದ ಹಾಗೆ ಕಾಪಾಡಲು ಮಾಡಿದ್ದು. ಆ ಭೂ ಕಾನೂನುಗಳನ್ನು ಆ ಪಟ್ಟಿಗೆ ಸೇರಿಸಿದ 29ನೇ ತಿದ್ದುಪಡಿಯನ್ನು ಅದೇ ಪೀಠ ಎತ್ತಿಹಿಡಿಯಿತು. ಸ್ವಾಮೀಜಿ ಕೋರ್ಟಿಗೆ ಹೋದದ್ದು ಜಾಗಕ್ಕಾಗಿ. ಜಾಗದ ವಿಷಯದಲ್ಲಿ ಅವರಿಗೆ ಬೇಕಾದ್ದು ಸಿಗಲೇ ಇಲ್ಲ.

ಹಾಗಾಗಿ "ಸಂಸತ್ತಿನ ಅಧಿಕಾರಕ್ಕೆ ಮಿತಿ ಉಂಟಾ" ಅಂತ ಪ್ರಶ್ನೆ ಬಂದರೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ. "ಆಸ್ತಿಯ ಹಕ್ಕಿಗೆ ಕೋರ್ಟು ಹೇಗೆ ರಕ್ಷಣೆ ಕೊಟ್ಟಿತು" ಅಂತ ಪ್ರಶ್ನೆ ಬಂದಾಗ ಇದನ್ನು ಎತ್ತಿಕೊಂಡರೆ ನಿಮ್ಮ ಸಾಕ್ಷಿ ಎದುರು ಪಕ್ಷಕ್ಕೆ ಹೋದ ಹಾಗೆ.

ಹೆಗ್ಡೆಯವರ ಕಥೆ ಇನ್ನೊಂದು ತರಹ. ಸ್ವಾಮೀಜಿಯ ತೀರ್ಪಿನಲ್ಲಿ ಅವರು ಏಳು ಜನರ ಕಡೆ ಇದ್ದರು. ಅದರ ಬೆನ್ನಲ್ಲೇ ಸರ್ಕಾರ ಹಿರಿಯರಾದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಇದು ತೀರ್ಪಿನ ಒಳಗಿನ ಮಾತಲ್ಲ, ಹೊರಗೆ ನಡೆದದ್ದು. ಮೂಲ ರಚನೆ ಪ್ರಶ್ನೆಗೆ ಇದನ್ನು ಬರೆದರೆ ಸುಮ್ನೆ ಜಾಗ ತುಂಬುತ್ತದೆ. ನ್ಯಾಯಾಂಗದ ಸ್ವಾತಂತ್ರ್ಯದ ಪ್ರಶ್ನೆಗಾದರೆ ಇದೇ ಬೇಕು, ಆಗ ತೀರ್ಪು ಬೇಡ. ಒಂದೇ ಕೇಸು, ಪ್ರಶ್ನೆ ನೋಡಿಕೊಂಡು ಬೇರೆ ತುಂಡು ಕತ್ತರಿಸಬೇಕು.

ಇಲ್ಲಿ ನನ್ನ ಮನೆಯದ್ದೊಂದು ಹೇಳಬೇಕು. ನಮ್ಮ ಅಜ್ಜಿಯವರು ಗೇಣಿಗೆ ಕೂತಿದ್ದವರು. ಈಗಿರುವ ಮನೆ, ಗದ್ದೆ, ಎಲ್ಲ "ಡಿಕ್ಲರೇಶನ್‌ನಲ್ಲಿ ಸಿಕ್ಕಿದ್ದು". 1974ರ ಮಾರ್ಚ್ 1ರಿಂದ ಕರ್ನಾಟಕದ ತಿದ್ದುಪಡಿ ಬಂದ ಮೇಲೆ ಗೇಣಿಯವರು ಉಳುವ ಜಾಗ ತಮ್ಮ ಹೆಸರಿಗೆ ಆಗಬೇಕಾದರೆ ಏಳನೇ ನಂಬರಿನ ಫಾರ್ಮ್ ತುಂಬಿಸಿ ಭೂ ನ್ಯಾಯ ಮಂಡಳಿಗೆ ಕೊಡಬೇಕಿತ್ತು, ಅದಕ್ಕೆ ನಮ್ಮ ಕಡೆ ಡಿಕ್ಲರೇಶನ್ ಹಾಕುವುದು ಅಂತಲೇ ಹೆಸರು. ಅದು ಕೇರಳದ್ದಲ್ಲ, ನಮ್ಮದೇ ಬೇರೆ ಕಾನೂನು. ಆದರೂ ಕಾಲೇಜಿನಲ್ಲಿ ಕೇಶವಾನಂದ ಓದುವಾಗ ನನಗೆ ಸ್ವಲ್ಪ ವಿಚಿತ್ರ ಅನ್ನಿಸಿತು. ಪುಸ್ತಕದಲ್ಲಿ ನಾವು ಸ್ವಾಮೀಜಿಯ ಕಡೆಯಿಂದ ನೋಡುತ್ತಿದ್ದೇವೆ, ಮನೆಯಲ್ಲಿ ನಾವು ಒಕ್ಕಲಿನ ಕಡೆಯವರು. ಕೇಸಿನಲ್ಲಿ ಎರಡು ಕಡೆ ಇರುತ್ತದೆ ಅನ್ನುವುದು ನನಗೆ ನಿಜವಾಗಿ ಅರ್ಥ ಆದದ್ದು ಆಗಲೇ.

ಕಾಪು, ಕಟಪಾಡಿ, ಉಡುಪಿ ಎಲ್ಲ ಫಾಸ್ಟ್ ಫಾರ್ವರ್ಡ್. ಸಮುದ್ರ ಕಾಣುವುದಿಲ್ಲ, ಕಾಯಬೇಡಿ.

ಈಗ ಬಸ್ಸು ಮಣಿಪಾಲಕ್ಕೆ ಗುಡ್ಡ ಹತ್ತುತ್ತಿದೆ. ನನ್ನ ಮರ್ಯಾದೆ ಹೋದ ಕಥೆಗೆ ಸರಿಯಾದ ಜಾಗ. ಲಾ ಕಾಲೇಜಿನ ಮೊದಲ ಮೂಟ್ ಕೋರ್ಟ್, ಅಂದರೆ ವಿದ್ಯಾರ್ಥಿಗಳು ವಾದ ಮಾಡುವ ಅಣಕು ಕೋರ್ಟ್. ಖಾಸಗಿ ಕಾಲೇಜಿನ ಫೀಸು ವಿಷಯ. ನಾನು ಬಹಳ ಜೋರಿನಲ್ಲಿ ಉನ್ನಿಕೃಷ್ಣನ್ ಕೇಸು, 1993, ಅದರಲ್ಲಿ ಕೋರ್ಟು ಸೀಟು ಹಂಚಲು, ಫೀಸು ನಿಗದಿ ಮಾಡಲು ಒಂದು ಸ್ಕೀಮನ್ನೇ ಮಾಡಿಕೊಟ್ಟಿದೆ ಅಂತ ವಾದಿಸಿದೆ. ಜಡ್ಜ್ ಸೀಟಿನಲ್ಲಿ ಕೂತಿದ್ದ ಸೀನಿಯರ್ ವಕೀಲರು ಕನ್ನಡಕ ತೆಗೆದು ಕೇಳಿದರು, "ಅದು ಇನ್ನೂ ಬದುಕಿದೆಯಾ ಅಮ್ಮ?" ನನ್ನ ಕಿವಿ ಬಿಸಿ ಆಯಿತು. ಆ ಸ್ಕೀಮನ್ನು 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ತೆಗೆದುಹಾಕಿತ್ತು. ಆ ಕೇಸಿನ ಹೆಸರು ಟಿ. ಎಂ. ಎ. ಪೈ ಫೌಂಡೇಶನ್ ವರ್ಸಸ್ ಕರ್ನಾಟಕ ಸರ್ಕಾರ. ಮಣಿಪಾಲ ಕಟ್ಟಿದ ಪೈಯವರ ಹೆಸರಿನದ್ದು, ಮಣಿಪಾಲದ್ದೇ. ಚಿಕ್ಕಮ್ಮನ ಮನೆಗೆ ನೂರು ಸಲ ಬಂದವಳು ನಾನು.

ತಮ್ಮನ ಪೇಪರಿನಲ್ಲೂ ಉನ್ನಿಕೃಷ್ಣನ್ ಉಂಟು. ಹಾಗಂತ ಅದನ್ನು ಹೊಡೆದುಹಾಕಬೇಕಾ? ಬೇಡ. ಸತ್ತದ್ದು ಫೀಸಿನ ಸ್ಕೀಮು. ಹದಿನಾಲ್ಕು ವರ್ಷದವರೆಗೆ ಶಿಕ್ಷಣ ಮೂಲಭೂತ ಹಕ್ಕು ಅನ್ನುವ ಭಾಗವನ್ನು ಹನ್ನೊಂದು ಜನರ ಪೀಠ ಮುಟ್ಟಲಿಲ್ಲ. ತೀರ್ಪುಗಳು ಹೀಗೆ ಅರ್ಧ ಸಾಯುತ್ತವೆ, ಅರ್ಧ ಬದುಕುತ್ತವೆ. ಹಾಗಾಗಿ ಯಾವ ಭಾಗಕ್ಕೆ ಕೈ ಹಾಕುತ್ತಿದ್ದೇವೆ ಅಂತ ನೋಡಿಕೊಳ್ಳಬೇಕು. ಇಂಡಿಯನ್ ಕಾನೂನ್ ಸೈಟಿನಲ್ಲಿ ಹುಡುಕಿದರೆ ಆ ಕೇಸನ್ನು ಆಮೇಲೆ ಯಾವ ತೀರ್ಪುಗಳು ಎತ್ತಿಕೊಂಡಿವೆ ಅಂತಲೂ ಸಿಗುತ್ತದೆ. ಸುಪ್ರೀಂ ಕೋರ್ಟು ತನ್ನ ತೀರ್ಪುಗಳನ್ನು ಹಾಕುವ ಇ-ಎಸ್‌ಸಿಆರ್ ಸೈಟು ಕೂಡ ಫ್ರೀ. ಇಡೀ ತೀರ್ಪು ಓದಿ ಅಂತ ನಾನು ಹನ್ನೆರಡನೇ ಕ್ಲಾಸಿನವರಿಗೆ ಹೇಳುವುದಿಲ್ಲ, ಕೇಶವಾನಂದ ಏಳುನೂರು ಪುಟದಷ್ಟುಂಟು ಮಾರಾಯ್ರೆ. ಮೊದಲು ಬರುವ ಹೆಡ್‌ನೋಟ್ ಓದಿ, ಆದರೆ ಅದು ಸಂಪಾದಕರು ಬರೆದ ಸಾರಾಂಶ. ಅದನ್ನು ಜಡ್ಜ್ ಮಾತು ಅಂತ ಉದ್ಧರಣ ಚಿಹ್ನೆಯೊಳಗೆ ಹಾಕಬೇಡಿ.

ಮಣಿಪಾಲ ಬಂತು. ಇದು ಚಿಕ್ಕಮ್ಮನ ಊಟದ ಮೇಜು, ಇವನು ಉತ್ತರ ತಿದ್ದುತ್ತಿದ್ದಾನೆ. ಒಂಬತ್ತರಲ್ಲಿ ಏಳು ಕೇಸು ಹೋದವು. ಒಂದೊಂದು ಹೊಡೆಯುವಾಗಲೂ ಇವನಿಗೆ ಹೊಟ್ಟೆ ಉರಿ. ಉಳಿದದ್ದು ಎರಡು. ಓದುತ್ತೇನೆ ಕೇಳಿ:

"ಮೀರತ್‌ನ ಮೋಹಿನಿ ಜೈನ್‌ಗೆ ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಬೇಕಿತ್ತು. ಆಗ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿಗೆ ಕರ್ನಾಟಕದವರಿಗೆ 25,000, ಹೊರ ರಾಜ್ಯದವರಿಗೆ 60,000. ಕ್ಯಾಪಿಟೇಶನ್ ಫೀಸು, ಅಂದರೆ ಸೀಟು ಕೊಡಲು ಕೇಳುವ ಹೆಚ್ಚುವರಿ ಹಣ, ತೆಗೆದುಕೊಳ್ಳುವಂತಿಲ್ಲ, ಎಲ್ಲ ಹಂತದ ಶಿಕ್ಷಣವೂ ಹಕ್ಕು ಎಂದು 1992ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ಉನ್ನಿಕೃಷ್ಣನ್ ಕೇಸಿನಲ್ಲಿ ಅದೇ ಕೋರ್ಟ್ ಇದನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಇಳಿಸಿತು. ಅಂದರೆ 2002ರಲ್ಲಿ 86ನೇ ತಿದ್ದುಪಡಿಯಿಂದ ಶಿಕ್ಷಣದ ಹಕ್ಕಿನ 21ಎ ವಿಧಿ ಸಂವಿಧಾನಕ್ಕೆ ಬರುವ ಮೊದಲೇ ಹಕ್ಕು ಹುಟ್ಟಿತ್ತು, ಅದರ ಅಳತೆಯೂ ಕೋರ್ಟಿನಲ್ಲೇ ನಿರ್ಧಾರವಾಗಿತ್ತು."

ಆ ಕೊನೆಯ "ಅಂದರೆ" ಉಂಟಲ್ಲ, ಟೀಚರ್ "ಅದಕ್ಕೇನೀಗ" ಅಂತ ಕೇಳಿದ್ದು ಅದನ್ನೇ. ಇದನ್ನು ನಾನು ಹೇಳಿಕೊಟ್ಟದ್ದಲ್ಲ, ಇವನೇ ಬರೆದದ್ದು. ನಾನು ಗೋಳಿಬಜೆ ತಿನ್ನುತ್ತಿದ್ದೆ.

ಈಗ ಇವನಿಗೆ ಹೊಸ ಹುಚ್ಚು. ಇಪ್ಪತ್ತು ಅಂಕದ ಪ್ರಾಜೆಕ್ಟ್ ಬಾಕಿ ಉಂಟು. ಅಜ್ಜಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದ್ದಾನೆ. "ಅಜ್ಜಿ, ಆ ಡಿಕ್ಲರೇಶನ್ ಕಾಗದ ಈಗ ಎಲ್ಲುಂಟು?" ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಬ್ಬಿಣದ ಪೆಟ್ಟಿಗೆಯಲ್ಲಿ, ಅಜ್ಜನ ಶಾಲಿನ ಅಡಿಯಲ್ಲಿ. ನಿನಗೆ ಎಂತಕ್ಕೆ ಅದು, ಯಾರಾದ್ರೂ ಕೇಸು ಹಾಕಿದ್ರಾ?" ಅಂದರು.

ಭಾನುವಾರ ಹೋಗುತ್ತಿದ್ದೇವೆ. ಗೆದ್ದಲು ತಿನ್ನದೆ ಉಳಿದಿದ್ದರೆ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.